ನಾನು ಮಾತು ಕಡಿಮೆ, ವ್ಯವಹಾರ ನನ್ನ ಕೈಲಾಗುತ್ತಾ?

ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದೆ. ಬರೆದವರು ಬೇರೆ ಬೇರೆ, ಕೆಲಸ ಬೇರೆ ಬೇರೆ, ಆದರೆ ಕೊರಗು ಒಂದೇ. ಕೆಲಸ ಬರುತ್ತೆ, ಮಾತು ಬರಲ್ಲ. ಹಾಗಾಗಿ ಇವತ್ತು ಇದೊಂದೇ ವಿಷಯ.

ಮೊದಲ ಪತ್ರ: ಎಂಟು ವರ್ಷದಿಂದ ಒಂದೇ ಕಂಪನಿಯಲ್ಲಿದ್ದೇನೆ. ನನ್ನ ಕೆಲಸದಲ್ಲಿ ಯಾರೂ ತಪ್ಪು ತೋರಿಸಿಲ್ಲ. ಆದರೆ ಮೀಟಿಂಗ್‌ನಲ್ಲಿ ಬಾಯಿ ಬಿಡುವುದಿಲ್ಲ. ಈ ವರ್ಷ ನನ್ನ ನಂತರ ಸೇರಿದವರಿಗೆ ಬಡ್ತಿ ಸಿಕ್ಕಿತು. ಕೇಳಿದರೆ ಮ್ಯಾನೇಜರ್, "ನಿಮಗೆ ಆಸಕ್ತಿ ಇದೆ ಅಂತ ನನಗೆ ಅನ್ನಿಸಲೇ ಇಲ್ಲ" ಅಂದರು. ನನ್ನ ಸ್ವಭಾವವನ್ನೇ ಬದಲಿಸಿಕೊಳ್ಳಬೇಕಾ?

ಬೇಡ. ಆದರೆ ಮ್ಯಾನೇಜರ್ ಹೇಳಿದ ಮಾತನ್ನು ಇನ್ನೊಂದು ಸಲ ಓದಿ. ಕೆಲಸ ಚೆನ್ನಾಗಿಲ್ಲ ಅಂತ ಅವರು ಹೇಳಿಲ್ಲ. ಆಸಕ್ತಿ ಕಾಣಲಿಲ್ಲ ಅಂದರು. ನೀವು ಸುಮ್ನೆ ಕೂತು ಯೋಚನೆ ಮಾಡುತ್ತಿದ್ದಿರಿ, ಎದುರಿಗಿದ್ದವರು ಅದನ್ನು ಬೇಸರ ಅಂದುಕೊಂಡರು. ಬೇರೆ ಕಡೆ ಇದೇ ಮೌನವನ್ನು ಸೊಕ್ಕು ಅಂದುಕೊಳ್ಳುತ್ತಾರೆ, ಇನ್ನೊಂದು ಕಡೆ ಒಪ್ಪಿಗೆ ಅಂದುಕೊಳ್ಳುತ್ತಾರೆ. ನಮ್ಮ ಮೌನದ ಅರ್ಥ ನಾವು ಹೇಳದಿದ್ದರೆ ನೋಡಿದವರು ತಮಗೆ ತೋಚಿದ ಅರ್ಥ ಕಟ್ಟುತ್ತಾರೆ. ಬದಲಾಗಬೇಕಾದ್ದು ಇದೊಂದೇ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬಜೆಟ್ ಮೀಟಿಂಗ್. ಎಲ್ಲರ ಮುಂದೆಯೂ ಅಂಕಿಗಳ ಹಾಳೆ ಇತ್ತು. ಮೂರನೇ ಪುಟದಲ್ಲಿ ಒಂದೇ ಖರ್ಚು ಎರಡು ಸಲ ಸೇರಿಕೊಂಡಿದ್ದು ನನಗೆ ಕಂಡಿತು. ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೆ. ಮಾತಿನ ನಡುವೆ ಜಾಗ ಸಿಗಲಿ, ಹೇಳೋಣ ಅಂತ ಕಾದೆ. ಒಬ್ಬರು ಮುಗಿಸುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದರು. ಮೀಟಿಂಗ್ ಮುಗಿದೇ ಹೋಯಿತು. ಹಾಳೆ ಮಡಚಿ ಡ್ರಾಯರ್‌ಗೆ ಹಾಕಿದೆ. ಎರಡು ತಿಂಗಳ ಮೇಲೆ ಆ ತಪ್ಪು ಬಯಲಾದಾಗ "ಒಬ್ಬರೂ ನೋಡಲಿಲ್ವಾ?" ಅಂತ ಮೇಲಿನವರು ಕೇಳಿದರು. ನೋಡಿದ್ದೆ ಅಂತ ಹೇಳುವ ಹಾಗೂ ಇರಲಿಲ್ಲ. ಸುತ್ತು ಹಾಕಿದ ಹಾಳೆ ಇನ್ನೂ ಡ್ರಾಯರ್‌ನಲ್ಲೇ ಇತ್ತು.

ಆಮೇಲೆ ನಾನು ಮಾಡಿಕೊಂಡ ಅಭ್ಯಾಸ ಇದು. ಏನು ಚರ್ಚೆ ಅಂತ ಹಿಂದಿನ ದಿನವೇ ಕೇಳಿ ತಿಳಿದುಕೊಳ್ಳುವುದು, ಹೇಳಬೇಕಾದ ಒಂದೇ ಒಂದು ವಾಕ್ಯ ಬರೆದಿಟ್ಟುಕೊಳ್ಳುವುದು, ಅದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡುವುದು. ಹತ್ತು ನಿಮಿಷ ಯಾಕೆ ಅಂದರೆ, ತಡ ಆದಷ್ಟೂ ಬಾಯಿ ತೆರೆಯುವುದು ಕಷ್ಟ. ಅರ್ಧ ಗಂಟೆ ಸುಮ್ಮನಿದ್ದವರು ಮಾತಾಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ನಮಗೆ ಅದೇ ಬೇಡ ಅಲ್ವಾ? ಮೊದಲೇ ಒಂದು ಮಾತು ಆಡಿದ್ದರೆ ಎರಡನೆಯದು ತಾನಾಗೇ ಬರುತ್ತೆ. ಅಲ್ಲೇ ಉತ್ತರ ಹೊಳೆಯದಿದ್ದರೆ "ಇದನ್ನು ಸ್ವಲ್ಪ ಯೋಚನೆ ಮಾಡಬೇಕು, ಸಂಜೆಯೊಳಗೆ ಬರೆದು ಕಳಿಸ್ತೀನಿ" ಅನ್ನಿ. ಆದರೆ ಆ ಸಂಜೆ ಕಳಿಸಲೇಬೇಕು. ಹೀಗೆ ನಾಲ್ಕು ಸಲ ಕಳಿಸಿದರೆ ನಿಮ್ಮ ಬರಹಕ್ಕೆ ಜನ ಕಾಯುತ್ತಾರೆ.

ಬರೆದು ಹೇಳುವುದನ್ನು ಕೀಳಾಗಿ ಕಾಣಬೇಡಿ. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ 2004ರಲ್ಲಿ ಅಲ್ಲಿನ ಹಿರಿಯರ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿದರು. ಆರು ಪುಟಕ್ಕೆ ಮೀರದ ಬರಹ ತರಬೇಕು, ಎಲ್ಲರೂ ಮೊದಲು ಅಲ್ಲೇ ಕೂತು ಅದನ್ನು ಓದಬೇಕು, ಆಮೇಲೆ ಮಾತು. ಅಷ್ಟು ದೊಡ್ಡ ವ್ಯಾಪಾರದ ಮೀಟಿಂಗ್ ಮೌನದಿಂದ ಶುರುವಾಗುತ್ತೆ ಅಂದರೆ ಯೋಚನೆ ಮಾಡಿ. ಎಲ್ಲರೂ ಕೂತು ಜೋರಾಗಿ ಐಡಿಯಾ ಹೇಳುವುದರ ಬಗ್ಗೆಯೂ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದ್ದರು. ನಾಲ್ಕು ಜನ ಒಟ್ಟಿಗೆ ಕೂತಾಗ ಬಂದದ್ದಕ್ಕಿಂತ, ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಸೇರಿಸಿದಾಗ ಹೆಚ್ಚು ಐಡಿಯಾ ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಲ್ಲ, ಕಾಯುವಾಗ ಹೊಳೆದದ್ದು ಮರೆತುಹೋಗುತ್ತೆ. "ಮೊದಲು ಐದು ನಿಮಿಷ ಎಲ್ಲರೂ ಬರೆದುಕೊಳ್ಳೋಣವಾ?" ಅಂತ ಮುಂದಿನ ಮೀಟಿಂಗ್‌ನಲ್ಲಿ ನೀವೇ ಕೇಳಿ. ಅವತ್ತಿನ ನಿಮ್ಮ ವಾಕ್ಯ ಅದೇ ಆಗಲಿ.

ಇನ್ನೊಂದು ಮಾತು. ಬಡ್ತಿ ಬೇಕು ಅಂತ ಮ್ಯಾನೇಜರ್‌ಗೆ ಬಾಯಿಬಿಟ್ಟು ಹೇಳಿದ್ದೀರಾ? ನಿಮ್ಮ ಪತ್ರ ನೋಡಿದರೆ ಇಲ್ಲ ಅನ್ನಿಸುತ್ತೆ. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ ಅಂತಾರೆ. ತಿಂಗಳಿಗೆ ಹದಿನೈದು ನಿಮಿಷ ಅವರ ಜೊತೆ ಒಬ್ಬರೇ ಕೂರಲು ಸಮಯ ಕೇಳಿ. ಈ ತಿಂಗಳು ಏನು ಮುಗಿಸಿದೆ, ಅದರಿಂದ ಏನಾಯಿತು, ಮುಂದೆ ಏನು ಬೇಕು, ಇಷ್ಟೇ ಹೇಳಿ. ಗುಂಪಿನಲ್ಲಿ ಬಾಯಿ ಕಟ್ಟುವವರು ಒಬ್ಬರ ಎದುರು ಸಲೀಸಾಗಿ ಮಾತಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮಗೆ ಅನುಕೂಲವಾದ ಜಾಗಕ್ಕೆ ಮಾತನ್ನು ತಂದುಕೊಳ್ಳಿ.

ಎರಡನೇ ಪತ್ರ: ಹತ್ತು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಚಿಕ್ಕ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವ ಸ್ವಂತ ಕೆಲಸ ಶುರು ಮಾಡುವ ಆಸೆ. ಆದರೆ ಗುರುತಿಲ್ಲದವರಿಗೆ ಫೋನ್ ಮಾಡುವುದು ನೆನೆಸಿಕೊಂಡರೇ ಎದೆ ಹೊಡೆದುಕೊಳ್ಳುತ್ತೆ. ಮಾತಿನ ಮಲ್ಲರೇ ವ್ಯಾಪಾರ ಮಾಡುವುದು ಅಲ್ವಾ?

ಹಾಗಂತ ನಾವೆಲ್ಲ ನಂಬಿದ್ದೇವೆ. ಆಡಮ್ ಗ್ರಾಂಟ್ ಎಂಬ ಸಂಶೋಧಕರು ಫೋನ್ ಮೂಲಕ ಮಾರಾಟ ಮಾಡುವ 340 ಜನರನ್ನು ಮೂರು ತಿಂಗಳು ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಜಾಸ್ತಿ ಮಾರಿದವರು ಜಾಸ್ತಿ ಮಾತಾಡುವವರಲ್ಲ. ತೀರಾ ಅಂತರ್ಮುಖಿಗಳೂ ಅಲ್ಲ. ನಡುವೆ ಇದ್ದವರು, ಅಂದರೆ ಹೇಳಬೇಕಾದ್ದನ್ನು ಹೇಳಿ ಕೇಳಬೇಕಾದಾಗ ಕೇಳುವವರು. ನಿಮಗೆ ಕೇಳುವುದು ಆಗಲೇ ಬರುತ್ತೆ. ಕಲಿಯಬೇಕಾದ್ದು ಅರ್ಧ ದಾರಿ ಮಾತ್ರ.

ಮೊದಲ ಸಲ ಗ್ರಾಹಕರನ್ನು ಕಂಡಾಗ ನಿಮ್ಮ ಬಗ್ಗೆ ಭಾಷಣ ಮಾಡಲು ಹೋಗಬೇಡಿ. "ಲೆಕ್ಕದ ಕೆಲಸದಲ್ಲಿ ನಿಮಗೆ ಜಾಸ್ತಿ ತಲೆನೋವು ಕೊಡೋದು ಯಾವುದು?" ಅಂತ ಕೇಳಿ. "ತಿಂಗಳ ಕೊನೆಗೆ ಬಿಲ್ ಹುಡುಕೋದೇ ಆಗುತ್ತೆ" ಅಂದರು ಅನ್ನಿ. ಇಲ್ಲಿ ಮಾತುಗಾರರು ತಮ್ಮ ಸೇವೆಯ ಪಟ್ಟಿ ಬಿಚ್ಚುತ್ತಾರೆ. ನೀವು ಇನ್ನೊಂದು ಪ್ರಶ್ನೆ ಕೇಳಿ. "ಬಿಲ್ ಯಾರ ಹತ್ತಿರ ಇರುತ್ತೆ? ಕಳೆದ ತಿಂಗಳು ಎಷ್ಟು ದಿನ ಹಿಡೀತು?" ಅವರು ಹೇಳುತ್ತಾ ಹೋಗುತ್ತಾರೆ, ನೀವು ಬರೆದುಕೊಳ್ಳುತ್ತಾ ಹೋಗಿ. ಮರುದಿನ ಒಂದು ಪುಟ ಕಳಿಸಿ. ನಿಮ್ಮ ತೊಂದರೆ ಇದು, ನಾನು ಹೀಗೆ ಸರಿ ಮಾಡುತ್ತೇನೆ, ಇಷ್ಟು ದಿನ ಬೇಕು, ಇಷ್ಟು ದುಡ್ಡು. ತಾವು ಹೇಳಿದ್ದು ತಮ್ಮದೇ ಮಾತಿನಲ್ಲಿ ವಾಪಸ್ ಬಂದಾಗ ಜನ ನಂಬುತ್ತಾರೆ. ನಾನು ನೋಡಿದ ಮಟ್ಟಿಗೆ, ಬಾಯಿಮಾತಿನ ಮಾರಾಟಕ್ಕಿಂತ ಇದು ಗಟ್ಟಿ.

ದುಡ್ಡಿನ ಮಾತು ಬಂದಾಗ ಅಂಕಿ ಹೇಳಿ, ಹೇಳಿದ ಮೇಲೆ ಸುಮ್ಮನಿರಿ. ಹೆಚ್ಚಿನವರು ಆ ಮೌನ ತಡೆಯಲಾಗದೆ ಕೇಳುವ ಮೊದಲೇ "ಬೇಕಾದರೆ ಕಡಿಮೆ ಮಾಡೋಣ" ಅಂದುಬಿಡುತ್ತಾರೆ. ಮೌನ ನಿಮಗೆ ಹೊಸದಲ್ಲ, ಅಲ್ಲಿ ಅದು ನಿಮ್ಮ ಪರವಾಗಿ ಕೆಲಸ ಮಾಡಲಿ.

ಫೋನ್ ಹೆದರಿಕೆಗೆ ಒಂದು ದಾರಿ ಇದೆ. ಮೊದಲ ಗ್ರಾಹಕರನ್ನು ಗುರುತಿಲ್ಲದವರಲ್ಲಿ ಹುಡುಕಬೇಡಿ. ಹತ್ತು ವರ್ಷದಲ್ಲಿ ನಿಮ್ಮ ಕೆಲಸ ನೋಡಿದವರ ಹೆಸರು ಬರೆಯಿರಿ, ಇಪ್ಪತ್ತು ಸಿಕ್ಕರೂ ಸಾಕು. ದಿನಕ್ಕೆ ಒಬ್ಬರಿಗೆ ಮೂರು ಸಾಲಿನ ಮೆಸೇಜ್ ಕಳಿಸಿ, ಒಪ್ಪಿದರೆ ಮಾತ್ರ ಫೋನ್ ಮಾಡಿ. ನೀವು ಆರಿಸಿಕೊಂಡ ಕೆಲಸವೂ ನಿಮಗೆ ಹೊಂದುತ್ತೆ. ಲೆಕ್ಕ ಒಂದು ಸಲ ಕೊಟ್ಟವರು, ನಂಬಿಕೆ ಕೆಡದಿದ್ದರೆ, ವರ್ಷಗಟ್ಟಲೆ ಉಳಿಯುತ್ತಾರೆ. ದಿನಾ ಐವತ್ತು ಹೊಸ ಮುಖ ಹುಡುಕಬೇಕಾದ ವ್ಯಾಪಾರ ಆಗಿದ್ದರೆ ಬೇಡ ಅಂತ ನೇರವಾಗಿಯೇ ಹೇಳುತ್ತಿದ್ದೆ.

ಮಾತು ಬಲ್ಲ ಪಾಲುದಾರರನ್ನು ಸೇರಿಸಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಸೇರಿಸಿಕೊಳ್ಳಬಹುದು. 1976ರಲ್ಲಿ ಆಪಲ್ ಶುರುವಾದಾಗ ಸ್ಟೀವ್ ವೋಜ್ನಿಯಾಕ್ ಒಬ್ಬರೇ ಕೂತು ಕಂಪ್ಯೂಟರ್ ವಿನ್ಯಾಸ ಮಾಡುವವರು, ಅದನ್ನು ಮಾರುವ ದಾರಿ ಹುಡುಕಿದವರು ಸ್ಟೀವ್ ಜಾಬ್ಸ್. ಆದರೆ ಯಾವ ಮಾತು ಯಾರು ಕೊಡಬಹುದು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅವರು ಹೊರಗೆ ಒಪ್ಪಿಕೊಂಡು ಬಂದದ್ದಕ್ಕೆ ನೀವು ರಾತ್ರಿಯೆಲ್ಲ ಕೂರಬೇಕಾಗುತ್ತೆ. ದೊಡ್ಡ ಗ್ರಾಹಕರ ಜೊತೆ ನಿಮ್ಮ ನೇರ ಪರಿಚಯವೂ ಇರಲಿ. ನಾಳೆ ಪಾಲುದಾರರು ಹೊರಟುಹೋದರೆ ಗ್ರಾಹಕರಿಗೆ ನಿಮ್ಮ ಹೆಸರೇ ಗೊತ್ತಿಲ್ಲ ಅಂತ ಆಗಬಾರದು.

ಮೂರನೇ ಪತ್ರ: ವ್ಯಾಪಾರಿ ಸಮ್ಮೇಳನಗಳಿಗೆ ಹೋದರೆ ಮೂಲೆಯಲ್ಲಿ ನಿಂತು ಫೋನ್ ನೋಡುತ್ತಾ ವಾಪಸ್ ಬರುತ್ತೇನೆ. ಹೋಗುವುದನ್ನೇ ಬಿಡಲಾ?

ಪೂರ್ತಿ ಬಿಡಬೇಡಿ, ಕಡಿಮೆ ಮಾಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ವಿಷಯ ತೋರಿಸಿದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ವಿಚಾರಿಸಿದಾಗ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದೆವು ಅಂದವರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆಲ್ಲ ಅಪರೂಪಕ್ಕೋ ಯಾವಾಗಲೋ ಒಮ್ಮೆಯೋ ಸಿಗುವವರಿಂದ ಸುದ್ದಿ ಬಂದಿತ್ತು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತೆ, ಹೊಸ ಸುದ್ದಿ ದೂರದವರಿಂದಲೇ ಬರಬೇಕು. ನಮ್ಮಂಥವರಿಗೆ ಇದು ಒಳ್ಳೆ ಸುದ್ದಿ. ನೂರು ಜನರ ಗೆಳೆತನ ಬೇಕಿಲ್ಲ, ಪರಿಚಯ ಆರದಂತೆ ನೋಡಿಕೊಂಡರೆ ಸಾಕು.

ಸಮ್ಮೇಳನಕ್ಕೆ ಬೇಗ ಹೋಗಿ. ತುಂಬಿದ ಹಾಲ್‌ನಲ್ಲಿ ಗುಂಪಿನೊಳಗೆ ನುಗ್ಗುವುದು ಕಷ್ಟ, ಖಾಲಿ ಹಾಲ್‌ನಲ್ಲಿ ಇನ್ನೊಬ್ಬರು ಒಂಟಿಯಾಗಿ ನಿಂತಿರುತ್ತಾರೆ. ಇಬ್ಬರ ಜೊತೆ ಚೆನ್ನಾಗಿ ಮಾತಾಡಿದರೆ ಅವತ್ತಿನ ಕೆಲಸ ಮುಗಿಯಿತು, ಮನೆಗೆ ಬನ್ನಿ. ಎರಡು ದಿನದೊಳಗೆ ಇಬ್ಬರಿಗೂ ಎರಡು ಸಾಲು ಬರೆಯಿರಿ, ಅವರೇ ಹೇಳಿದ ಯಾವುದಾದರೂ ಮಾತು ನೆನಪಿಸಿ. ಐವತ್ತು ಕಾರ್ಡ್ ಹಂಚಿದವರು ಇದನ್ನು ಮಾಡುವುದು ಕಡಿಮೆ.

ನಾಲ್ಕನೇ ಪತ್ರ: ತಂಡದ ಮುಖ್ಯಸ್ಥೆಯಾಗಿ ಆರು ತಿಂಗಳಾಯಿತು. "ಮೇಡಂ ಮನಸ್ಸಲ್ಲಿ ಏನಿದೆ ಅಂತ ಗೊತ್ತೇ ಆಗಲ್ಲ" ಅಂತ ತಂಡದವರು ಮಾತಾಡಿಕೊಳ್ಳುತ್ತಾರಂತೆ. ನಾನು ಈ ಹುದ್ದೆಗೆ ಸರಿಯಾದವಳಲ್ಲವಾ?

ಸರಿಯಾದವರೇ. ಗ್ರಾಂಟ್ ಮತ್ತು ಇಬ್ಬರು ಜೊತೆಗಾರರು 2011ರಲ್ಲಿ ಒಂದು ಸರಣಿ ಮಳಿಗೆಗಳ ಲಾಭವನ್ನೂ ಅಲ್ಲಿನ ಮುಖ್ಯಸ್ಥರ ಸ್ವಭಾವವನ್ನೂ ಹೋಲಿಸಿ ನೋಡಿದ್ದರು. ಕೆಲಸಗಾರರು ತಾವೇ ಮುಂದೆ ಬಂದು ಸಲಹೆ ಕೊಡುವ ಕಡೆ ಮೌನಿ ಮುಖ್ಯಸ್ಥರ ಮಳಿಗೆಗೆ ಲಾಭ ಹೆಚ್ಚು. ಹೇಳಿದಷ್ಟೇ ಮಾಡುವ ತಂಡ ಇದ್ದ ಕಡೆ ಮಾತುಗಾರ ಮುಖ್ಯಸ್ಥರೇ ಮುಂದೆ. ಹಾಗಾಗಿ ಮೊದಲು ನಿಮ್ಮ ತಂಡ ಎಂಥದ್ದು ಅಂತ ನೋಡಿ. ಸಲಹೆ ಕೊಡುವವರಿದ್ದರೆ ನಿಮ್ಮ ಕೇಳುವ ಗುಣವೇ ದೊಡ್ಡ ಬಲ. ಸುಮ್ಮನೆ ಅಪ್ಪಣೆಗೆ ಕಾಯುವವರಾದರೆ ನೀವು ರೂಢಿಗಿಂತ ಜಾಸ್ತಿ ಹೇಳಬೇಕಾಗುತ್ತೆ, ಅದರಿಂದ ತಪ್ಪಿಸಿಕೊಳ್ಳಲು ಆಗಲ್ಲ.

ಆದರೆ ಅವರ ದೂರು ನಿಜ, ಬೇಜಾರು ಮಾಡಿಕೊಳ್ಳಬೇಡಿ. ಮೇಲಿರುವವರ ಮೌನ ಕೆಳಗಿರುವವರಿಗೆ ಭಯ. ಮೊದಲ ಪ್ರಶ್ನೆಯಲ್ಲಿ ಹೇಳಿದ್ದೇ ಇಲ್ಲಿ ದುಪ್ಪಟ್ಟಾಗುತ್ತೆ. ನಾಳೆಯೇ ತಂಡದವರಿಗೆ ಹೇಳಿಬಿಡಿ: "ನೀವು ಏನಾದರೂ ಹೇಳಿದಾಗ ನಾನು ಸುಮ್ಮನಿದ್ದರೆ ಕೋಪ ಅಂತಲ್ಲ, ಯೋಚನೆ ಮಾಡ್ತಿದ್ದೀನಿ ಅಂತ. ನಾಳೆ ಬೆಳಿಗ್ಗೆ ಉತ್ತರ ಕೊಡ್ತೀನಿ." ಮತ್ತೆ, ಯಾರಾದರೂ ಚೆನ್ನಾಗಿ ಮಾಡಿದರೆ ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಏನು ಚೆನ್ನಾಗಿತ್ತು ಅಂತ ಹೆಸರಿಟ್ಟು ಹೇಳಿ, ಬರೆದಾದರೂ ಹೇಳಿ.

ಐದನೇ ಪತ್ರ: ವೇದಿಕೆ ಹತ್ತಿದರೆ ಕೈ ನಡುಗುತ್ತೆ. ಇದು ನಾಚಿಕೆಯಾ, ಅಂತರ್ಮುಖಿ ಸ್ವಭಾವವಾ? ಹೋಗುತ್ತಾ?

ಎರಡೂ ಬೇರೆ. ಜನರ ನಡುವೆ ಇದ್ದು ದಣಿವಾಗಿ ಒಂಟಿಯಾಗಿದ್ದಾಗ ಚೈತನ್ಯ ಬಂದರೆ ಅದು ಅಂತರ್ಮುಖಿ ಸ್ವಭಾವ. ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ 1921ರಲ್ಲಿ ಈ ವಿಂಗಡಣೆಯನ್ನು ಜನಪ್ರಿಯ ಮಾಡಿದಾಗಲೂ ಅದನ್ನು ಕಾಯಿಲೆ ಅಂದಿರಲಿಲ್ಲ. ಜನ ಏನು ಅಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ ನಾಚಿಕೆ. ಸ್ವಭಾವ ಉಳಿಯುತ್ತೆ, ಹೆದರಿಕೆ ಅಭ್ಯಾಸದಿಂದ ಕಡಿಮೆ ಆಗುತ್ತೆ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಹರೆಯದಲ್ಲಿ ನಾಲ್ಕು ಜನರ ಮುಂದೆ ನಿಂತು ಹೆಸರು ಹೇಳಲೂ ಹೆದರುತ್ತಿದ್ದರು. ಭಾಷಣ ಕಲಿಸುವ ತರಗತಿಗೆ ಒಮ್ಮೆ ಚೆಕ್ ಕೊಟ್ಟು ಬಂದು, ಧೈರ್ಯ ಸಾಲದೆ ಅದನ್ನು ತಡೆಹಿಡಿದರು. ಆಮೇಲೆ 100 ಡಾಲರ್ ನಗದಾಗಿಯೇ ಕಟ್ಟಿ ಸೇರಿದರು. ಕೋರ್ಸ್ ಮುಗಿದ ಕೂಡಲೇ, ಕಲಿತದ್ದು ಆರಿಹೋಗದಿರಲಿ ಅಂತ, ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳಲು ಒಪ್ಪಿಕೊಂಡರು. ಅವರ ಆಫೀಸಿನ ಗೋಡೆ ಮೇಲೆ ಇದ್ದದ್ದು ಆ ಕೋರ್ಸಿನ ಸರ್ಟಿಫಿಕೇಟ್, ಪದವಿಯದ್ದಲ್ಲ.

ಕೈ ನಡುಗುವುದಕ್ಕೆ ನನಗೆ ಒದಗಿದ ಉಪಾಯ ಹೇಳುತ್ತೇನೆ. ತೆಳು ಹಾಳೆ ಹಿಡಿಯಬೇಡಿ, ನಡುಗಿದರೆ ಅದು ಸದ್ದು ಮಾಡುತ್ತೆ, ಆ ಸದ್ದಿಗೆ ಕೈ ಇನ್ನೂ ನಡುಗುತ್ತೆ. ಅಂಗೈ ಅಗಲದ ದಪ್ಪ ಕಾರ್ಡ್‌ನಲ್ಲಿ ಐದು ಪದ ಬರೆದುಕೊಳ್ಳಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಮಾಡಿ, ಮನೆಯಲ್ಲಿ ಗಟ್ಟಿಯಾಗಿ ಹತ್ತು ಸಲ ಹೇಳಿ. ಮೊದಲು ಮೂರು ಜನರ ಮುಂದೆ, ಆಮೇಲೆ ಹತ್ತು. ದಿನದ ಕೆಲಸವೇ ನಿಂತುಹೋಗುವಷ್ಟು ಹೆದರಿಕೆ ಇದ್ದರೆ ಮಾತ್ರ ಮನಶ್ಶಾಸ್ತ್ರಜ್ಞರನ್ನು ಕಾಣಿ. ಭಾಷಣ ಇರುವ ದಿನ ಅದು ಮುಗಿದ ಮೇಲೆ ಒಂದು ಗಂಟೆ ಯಾರ ಭೇಟಿಯನ್ನೂ ಇಟ್ಟುಕೊಳ್ಳಬೇಡಿ. ಕ್ಯಾಲೆಂಡರ್‌ನಲ್ಲಿ ಆ ಗಂಟೆಯನ್ನೂ ಮೊದಲೇ ಗುರುತು ಹಾಕಿಡಿ.