ಸ್ಟಾಕ್‌ಫಿಶ್ ಕೆಟ್ಟಿಲ್ಲ, ಅದಕ್ಕೆ ಬೋರ್ಡೇ ಇಲ್ಲ

ಸ್ಟಾಕ್‌ಫಿಶ್ ಅನ್ನುವ ಚೆಸ್ ಎಂಜಿನ್ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಬರುತ್ತದೆ, ಒಂದು ಸಾಲು ತೋರಿಸಿ ಸುಮ್ಮನೆ ಕೂರುತ್ತದೆ ಅಂದಿರಿ. ಅದರ ಥ್ರೆಡ್ಸ್, ಹ್ಯಾಶ್ ಸೆಟ್ಟಿಂಗ್‌ಗಳನ್ನು ಎಷ್ಟಿಡಬೇಕು ಅಂತಲೂ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ: ಏನೂ ಕೆಟ್ಟಿಲ್ಲ. ಎಂಜಿನ್ ಅಂದರೆ ಲೆಕ್ಕ ಹಾಕುವ ತಲೆ ಮಾತ್ರ, ಬೋರ್ಡು ಕಾಯಿ ಏನೂ ಅದರಲ್ಲಿ ಇಲ್ಲ. ಬೋರ್ಡ್ ತೋರಿಸುವ ಪ್ರೋಗ್ರಾಂ ಬೇರೆ. ಇವೆರಡೂ ಮಾತಾಡಿಕೊಳ್ಳುವ ಭಾಷೆ ಯುಸಿಐ, 2000ರಲ್ಲಿ ಬಂದದ್ದು, ಇವತ್ತಿಗೂ ಅದೇ ನಡೆಯುತ್ತಿದೆ.

ಬೋರ್ಡ್ ಪ್ರೋಗ್ರಾಂ ಹಾಕುವ ಮುಂಚೆ ಆ ಕಪ್ಪು ಕಿಟಕಿಯಲ್ಲೇ ಒಮ್ಮೆ ಮಾತಾಡಿಸಿ ನೋಡಿ. ಆಮೇಲೆ ಏನಾದರೂ ಕೈಕೊಟ್ಟರೆ ತಪ್ಪು ಎಂಜಿನ್‌ದೋ ಬೋರ್ಡ್‌ದೋ ಅಂತ ಗೊತ್ತಾಗುತ್ತದೆ. ಇಂಗ್ಲಿಷ್ ಸಣ್ಣಕ್ಷರದಲ್ಲಿ 'ಯುಸಿಐ' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಸೆಟ್ಟಿಂಗ್‌ಗಳ ಪಟ್ಟಿ ಬಂದು ಕೊನೆಯಲ್ಲಿ 'ಯುಸಿಐಓಕೆ' ಬರಬೇಕು. ಆಮೇಲೆ 'ಗೋ ಡೆಪ್ತ್ 20' ಕೊಡಿ, ಅಂದರೆ ಎರಡೂ ಕಡೆಯ ನಡೆ ಸೇರಿ 20 ನಡೆ ಆಳದವರೆಗೆ ನೋಡು ಅಂತ. ಸಾಲು ಸಾಲಾಗಿ ಲೆಕ್ಕ ಓಡಿ 'ಬೆಸ್ಟ್‌ಮೂವ್' ಅಂತ ಒಂದು ನಡೆ ಹೇಳಿ ನಿಲ್ಲುತ್ತದೆ. ಅಷ್ಟಾದರೆ ಎಂಜಿನ್ ಗಟ್ಟಿಮುಟ್ಟಾಗಿದೆ. 'ಕ್ವಿಟ್' ಕೊಟ್ಟು ಹೊರಗೆ ಬನ್ನಿ.

ಕಿಟಕಿ ತೆರೆದ ಕೂಡಲೇ ಮುಚ್ಚಿಕೊಳ್ಳುವವರ ಕತೆ ಬೇರೆ. ಅಲ್ಲಿ ಸಾಮಾನ್ಯವಾಗಿ ಬಿಲ್ಡ್, ಅಂದರೆ ಒಂದೊಂದು ಬಗೆಯ ಪ್ರೊಸೆಸರ್‌ಗೆ ಅಂತ ತಯಾರಿಸಿದ ಫೈಲ್, ತಪ್ಪಿರುತ್ತದೆ. ಎವಿಎಕ್ಸ್2, ಬಿಎಂಐ2 ಅಂತೆಲ್ಲ ಹೆಸರಿರುವ ಫೈಲ್‌ಗಳು ಆಯಾ ಸೌಲಭ್ಯ ಇರುವ ಪ್ರೊಸೆಸರ್‌ಗೆ ಮಾತ್ರ. ಹಳೇ ಯಂತ್ರವಾದರೆ ಎಸ್‌ಎಸ್‌ಇ41 ಪಾಪ್‌ಕೌಂಟ್ ಬಿಲ್ಡ್ ಹಾಕಿ. ನಿಧಾನ, ಆದರೆ ಓಡುತ್ತದೆ. ಸ್ಥಿತಿ ಅಳೆಯಲು ಎಂಜಿನ್ ಬಳಸುವ ನ್ಯೂರಲ್ ನೆಟ್ ಫೈಲನ್ನು ಬೇರೆ ಇಳಿಸಿ ಅಂತ ಎಲ್ಲಾದರೂ ಓದಿದ್ದರೆ ಮರೆತುಬಿಡಿ, ಅಧಿಕೃತ ಬಿಲ್ಡ್ ಒಳಗೇ ಅದು ಸೇರಿದೆ. ಲೀಲಾ ಅನ್ನುವ ಇನ್ನೊಂದು ಎಂಜಿನ್‌ಗೆ ಮಾತ್ರ ಬೇರೆ ಫೈಲ್ ಬೇಕು, ಜೊತೆಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡೂ ಬೇಕು. ಸದ್ಯಕ್ಕೆ ಆ ತಂಟೆ ಬೇಡ.

ಬೋರ್ಡ್‌ಗೆ ಕ್ಯೂಟ್ ಚೆಸ್, ಎನ್ ಕ್ರೊಸಾಂಟ್, ಅರೀನಾ, ಯಾವುದಾದರೂ ಆದೀತು. ಸೆಟ್ಟಿಂಗ್‌ನಲ್ಲಿ ಎಂಜಿನ್ ಸೇರಿಸುವ ಜಾಗಕ್ಕೆ ಹೋಗಿ ಸ್ಟಾಕ್‌ಫಿಶ್ ಫೈಲ್ ತೋರಿಸಿದರೆ ಮುಗಿಯಿತು. ಆಂಡ್ರಾಯ್ಡ್ ಫೋನಿಗೆ ಡ್ರಾಯ್ಡ್‌ಫಿಶ್ ಇದೆ, ಅದರಲ್ಲಿ ಎಂಜಿನ್ ಸೇರಿಕೊಂಡೇ ಬರುತ್ತದೆ.

ಈಗ ಸೆಟ್ಟಿಂಗ್. ಥ್ರೆಡ್ಸ್ (ಎಂಜಿನ್ ಎಷ್ಟು ಕೋರ್ ಬಳಸಬೇಕು ಅನ್ನುವ ಲೆಕ್ಕ) ಮೊದಲಿಗೆ 1, ಹ್ಯಾಶ್ 16 ಎಂಬಿ ಇರುತ್ತದೆ. ಇದು ತೀರಾ ಕಡಿಮೆ, ಬದಲಿಸಲೇಬೇಕು. ನಾಲ್ಕು ಕೋರ್ ಇದ್ದರೆ ಮೂರು ಕೊಡಿ, ಒಂದು ಬೇರೆ ಕೆಲಸಕ್ಕಿರಲಿ. ಹ್ಯಾಶ್ ಅಂದರೆ ಒಮ್ಮೆ ನೋಡಿದ ಸ್ಥಿತಿಗಳನ್ನು ಎಂಜಿನ್ ನೆನಪಿಟ್ಟುಕೊಳ್ಳುವ ಜಾಗ. 8 ಜಿಬಿ ರ‍್ಯಾಮ್‌ಗೆ 1 ಜಿಬಿ, ಅಂದರೆ 1024 ಧಾರಾಳವಾಯಿತು. ನಾನು ದುರಾಸೆಗೆ ಬಿದ್ದು 6 ಜಿಬಿ ಕೊಟ್ಟಿದ್ದೆ. ರ‍್ಯಾಮ್ ಸಾಲದೆ ಎಲ್ಲ ಡಿಸ್ಕಿಗೆ ಹೋಗಿ, ಎಂಜಿನ್ ಇರಲಿ, ಮೌಸೇ ಅಲ್ಲಾಡಲಿಲ್ಲ.

ಮಲ್ಟಿಪಿವಿ 3 ಇಟ್ಟರೆ ಮೂರು ಒಳ್ಳೆ ನಡೆಗಳನ್ನು ತೋರಿಸುತ್ತದೆ. ಕಲಿಯುವವರಿಗೆ ನನ್ನ ಪ್ರಕಾರ ಇದೇ ಮುಖ್ಯ ಸೆಟ್ಟಿಂಗ್. ನಿಮ್ಮ ನಡೆ ಮೊದಲನೆಯದಲ್ಲ, ಆದರೆ ಮೂರನೆಯದು, ಅಂಕದಲ್ಲಿ (ಯಾರ ಸ್ಥಿತಿ ಎಷ್ಟು ಮೇಲು ಅಂತ ಎಂಜಿನ್ ಕೊಡುವ ಸಂಖ್ಯೆ) ವ್ಯತ್ಯಾಸ ಬರೀ 0.1 ಅಂದರೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ ಅಂತ ಅದರಿಂದಲೇ ತಿಳಿಯುವುದು. ಆಳ ಸ್ವಲ್ಪ ತಡವಾಗಿ ಸಿಗುತ್ತದೆ, ಸಿಗಲಿ ಬಿಡಿ.

ಎಂಜಿನ್ ಜೊತೆ ಆಡುವುದಾದರೆ ಸ್ಕಿಲ್ ಲೆವೆಲ್ 0ಯಿಂದ 20ರವರೆಗೆ ಇದೆ. ಬೇಕೆಂದೇ ಕೆಲವು ನಡೆ ತಪ್ಪಿಸುತ್ತದೆ. ಮಗಳ ಜೊತೆ ಆಡಿಸಲು 3ಕ್ಕೆ ಇಳಿಸಿ, ಮರೆತು, ಅದೇ ಎಂಜಿನ್ನಿಂದ ಒಂದು ವಾರ ನನ್ನ ಆಟಗಳನ್ನು ತಪಾಸಣೆ ಮಾಡಿಸಿದವನು ನಾನು. ಎಂಜಿನ್‌ನ 'ಬೆಸ್ಟ್‌ಮೂವ್' ನೋಡಿ ಇದ್ಯಾಕೆ ಹೀಗೆ ಆಡಿತು ಅಂತ ತಲೆ ಕೆರೆದುಕೊಂಡದ್ದೇ ಬಂತು. ಅದಕ್ಕೇ ಈಗ ಒಂದೇ ಫೈಲನ್ನು ಎರಡು ಹೆಸರಿನಲ್ಲಿ ಸೇರಿಸಿಟ್ಟಿದ್ದೇನೆ: ಒಂದು ಆಡಲು, ಒಂದು ತಪಾಸಣೆಗೆ.

ಅಂಕದ ಬಗ್ಗೆ ಎರಡು ಮಾತು. ಕಪ್ಪು ಕಿಟಕಿಯಲ್ಲಿ ಅಂಕ ಯಾವಾಗಲೂ ನಡೆಸಬೇಕಾದವರ ಕಡೆಯಿಂದ ಇರುತ್ತದೆ. ಬಹಳಷ್ಟು ಬೋರ್ಡ್ ಪ್ರೋಗ್ರಾಂಗಳು ಬಿಳಿಯ ಕಡೆಯಿಂದ ತೋರಿಸುತ್ತವೆ. ಪ್ಲಸ್ಸು ಮೈನಸ್ಸು ತಿರುಗಿದಂತೆ ಕಂಡರೆ ಗಾಬರಿ ಬೇಡ. ಇನ್ನೊಂದು, +1.00 ಅಂದರೆ ಒಂದು ಸಿಪಾಯಿ ಹೆಚ್ಚು ಅಂತ ಈಗ ಓದಬಾರದು. 15.1ನೇ ಆವೃತ್ತಿಯಿಂದ, ಸ್ಟಾಕ್‌ಫಿಶ್ ತನ್ನ ಸರಿಸಮಾನದ ಎದುರಾಳಿಯ ಮೇಲೆ ಗೆಲ್ಲುವ ಸಾಧ್ಯತೆ ಶೇ. 50 ಇದ್ದರೆ ಆ ಅಂಕ. ನಿಮ್ಮ ನನ್ನ ಆಟದಲ್ಲಿ +1.00 ಎರಡು ನಡೆಯಲ್ಲಿ ಮಣ್ಣುಪಾಲಾಗಬಹುದು.

ಸಿಜಿಜಿ ಎಂಡ್‌ಗೇಮ್ ಟೇಬಲ್, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಉತ್ತರಗಳ ಪಟ್ಟಿ, ಈಗಲೇ ಬೇಡ. ಐದು ಕಾಯಿವರೆಗಿನದು ಸುಮಾರು 1 ಜಿಬಿ, ಆರಕ್ಕೆ ಹೋದರೆ ಸುಮಾರು 150 ಜಿಬಿ.

ಕಿಟಕಿಯಲ್ಲಿ 'ಯುಸಿಐಓಕೆ' ಬರದೇ ಹೋದರೆ ನಿಮ್ಮ ಪ್ರೊಸೆಸರ್ ಹೆಸರು, ಇಳಿಸಿದ ಫೈಲಿನ ಪೂರ್ತಿ ಹೆಸರು ಎರಡನ್ನೂ ಇಲ್ಲೇ ಕೆಳಗೆ ಹಾಕಿ, ನೋಡೋಣ.