ಮಂಡ್ಯದ ನಮ್ಮ ಕೊಪ್ಪಲು 2011ರ ಜನಗಣತಿ ಪಟ್ಟಿಯಲ್ಲಿ ಯಾಕೆ ಸಿಗುತ್ತಿಲ್ಲ? ಸಾಕ್ಷರತೆ ಲೆಕ್ಕ ಹೇಗೆ?

ಜನಗಣತಿ ಎಣಿಸುವುದು ಕಂದಾಯ ಗ್ರಾಮವನ್ನು. ಕೊಪ್ಪಲು, ಮಜರೆಗಳಂಥ ಉಪಗ್ರಾಮಗಳಿಗೆ ಪ್ರತ್ಯೇಕ ಸರ್ವೆ ನಂಬರ್, ಗಡಿ ಇರದಿದ್ದರೆ ಅವುಗಳ ಜನ ಮೂಲ ಗ್ರಾಮದ ಲೆಕ್ಕದೊಳಗೇ ಸೇರಿರುತ್ತಾರೆ. ಹಾಗಾಗಿ ಮೊದಲು ಪಹಣಿ ತೆಗೆದು, ಅದರಲ್ಲಿ ಯಾವ ಗ್ರಾಮದ ಹೆಸರಿದೆ ನೋಡಿ. ಜನಗಣತಿ ಜಾಲತಾಣದಲ್ಲಿ ಮಂಡ್ಯದ 'ಜಿಲ್ಲಾ ಜನಗಣತಿ ಕೈಪಿಡಿ' ಉಚಿತವಾಗಿ ಸಿಗುತ್ತದೆ. ಎ ಭಾಗದಲ್ಲಿ ಶಾಲೆ, ನೀರು, ರಸ್ತೆಯಂಥ ಸೌಲಭ್ಯಗಳು. ಬಿ ಭಾಗದಲ್ಲಿ ಜನಸಂಖ್ಯೆ, ಅಕ್ಷರಸ್ಥರು, ದುಡಿಯುವವರು. ಹೊಸಹಳ್ಳಿಯಂಥ ಹೆಸರು ಹತ್ತಾರು ಕಡೆ ಇರುವುದರಿಂದ ಹೆಸರನ್ನು ನಂಬಬೇಡಿ, ಆರಂಕಿಯ ಗ್ರಾಮ ಸಂಕೇತ ಬರೆದಿಟ್ಟುಕೊಳ್ಳಿ. ಈ ಕೈಪಿಡಿಗಳಲ್ಲಿ ತಾಲ್ಲೂಕುಗಳೂ 2011ರಲ್ಲಿದ್ದಂತೆಯೇ ಇವೆ: ಆಮೇಲೆ ಪ್ರತ್ಯೇಕ ತಾಲ್ಲೂಕಾದ ಮೈಸೂರು ಜಿಲ್ಲೆಯ ಸರಗೂರಿನ ಹಳ್ಳಿಗಳನ್ನು ಹೆಗ್ಗಡದೇವನಕೋಟೆಯಲ್ಲೇ ಹುಡುಕಬೇಕು.

ಸಾಕ್ಷರತೆಯಲ್ಲಿ ಬಹಳ ಜನ ಎಡವುತ್ತಾರೆ. ಜನಗಣತಿ 7 ವರ್ಷ ತುಂಬಿದವರನ್ನಷ್ಟೇ ಅಕ್ಷರಸ್ಥರೆಂದು ಎಣಿಸುತ್ತದೆ. ಆದ್ದರಿಂದ ಒಟ್ಟು ಜನಸಂಖ್ಯೆಯಿಂದ 0–6 ವರ್ಷದ ಮಕ್ಕಳನ್ನು ಕಳೆದೇ ಭಾಗಿಸಬೇಕು. ಊರಿನಲ್ಲಿ 2,000 ಜನ, ಅವರಲ್ಲಿ 250 ಮಕ್ಕಳು, 1,050 ಅಕ್ಷರಸ್ಥರು ಎಂದುಕೊಳ್ಳಿ. 1,050ನ್ನು 1,750ರಿಂದ ಭಾಗಿಸಿದರೆ ಶೇ. 60. ಮಕ್ಕಳನ್ನು ಕಳೆಯದೆ ಹೋದರೆ ಶೇ. 52.5 ಬರುತ್ತದೆ, ಓದು ಕಲಿತ ಊರನ್ನು ಅನ್ಯಾಯವಾಗಿ ಹಿಂದುಳಿದ ಊರೆಂದು ಬರೆದಂತಾಗುತ್ತದೆ.