ಯಶ್ ಸೀರಿಯಲ್‌ನಿಂದ ಕೆಜಿಎಫ್‌ವರೆಗೂ ಬಂದಿದ್ದು ಬರೀ ಲಕ್ಕಾ?

ಸೀರಿಯಲ್ ಮಾಡ್ಕೊಂಡಿದ್ದ ಹುಡುಗ ಒಂದೇ ಪಿಕ್ಚರ್‌ಗೆ ಇಡೀ ಇಂಡಿಯಾಗೆ ಹೆಂಗೆ ಗೊತ್ತಾದ, ಇದು ಲಕ್ ಅಲ್ದೆ ಇನ್ನೇನು ಅಂತ ಕೇಳಿದ್ದೀರ. ಒಂದೇ ಪಿಕ್ಚರ್ ಅನ್ನೋದು ಹಿಂದಿ ಡಬ್ಬಿಂಗ್‌ನಲ್ಲಿ ಮೊದಲು ನೋಡಿದವರ ಲೆಕ್ಕ. 2018ರ ಡಿಸೆಂಬರ್‌ನಲ್ಲಿ ಕೆಜಿಎಫ್ ಬಂದಾಗ ನಾವು ಯಶ್‌ನ ಥಿಯೇಟರ್‌ನಲ್ಲಿ ನೋಡೋಕೆ ಶುರು ಮಾಡಿ ಹತ್ತು ವರ್ಷ ಆಗೋಗಿತ್ತು.

ಹುಟ್ಟಿದ್ದು ಹಾಸನ ಜಿಲ್ಲೆ, ಬೆಳೆದಿದ್ದು ಮೈಸೂರು, ಅಪ್ಪ ಬಸ್ ಡ್ರೈವರ್. ಬೆಂಗಳೂರಿಗೆ ಬಂದು ಬಿ.ವಿ. ಕಾರಂತರು ಕಟ್ಟಿದ ಬೆನಕ ತಂಡ ಸೇರ್ಕೊಂಡ್ರು, ಅಲ್ಲಿ ಮೊದಲು ಮಾಡಿದ್ದು ಸ್ಟೇಜ್ ಹಿಂದಿನ ಕೆಲಸ. ಆಮೇಲೆ ಉತ್ತರಾಯಣ, ನಂದಗೋಕುಲ ಸೀರಿಯಲ್‌ಗಳು, ನಂದಗೋಕುಲದಲ್ಲಿ ರಾಧಿಕಾ ಪಂಡಿತ್ ಕೂಡ ಇದ್ರು. ಸೀರಿಯಲ್ ಆಕ್ಟಿಂಗ್ ಅಂದ್ರೆ ಮೂಗು ಮುರಿಯೋರು ತುಂಬಾ ಜನ, ನಂಗಂತೂ ಅದು ಒಪ್ಪಲ್ಲ, ದಿನಾ ಪುಟಗಟ್ಲೆ ಡೈಲಾಗ್ ಬಾಯಿಪಾಠ ಮಾಡಿ ಕ್ಲೋಸಪ್‌ನಲ್ಲಿ ತಡವರಿಸದೆ ಹೇಳೋದು ಸಣ್ಣ ಸಾಧನೆ ಏನಲ್ಲ.

2008ರಲ್ಲಿ ಶಶಾಂಕ್ ಅವರ ಮೊಗ್ಗಿನ ಮನಸು ಬಂತು. ಅದು ಹುಡುಗೀರ ಕಥೆ, ಯಶ್‌ಗಿದ್ದಿದ್ದು ಪೋಷಕ ಪಾತ್ರ, ಅದಕ್ಕೆ ಫಿಲ್ಮ್‌ಫೇರ್ ಬಂತು. ಹಂಗಂತ ಮಾರನೇ ದಿನವೇ ಸ್ಟಾರ್ ಆಗಿಬಿಡಲಿಲ್ಲ, ರಾಕಿ, ಕಳ್ಳರ ಸಂತೆ, ಗೋಕುಲ ಅಂತ ಒಂದಾದಮೇಲೊಂದು ಬಂದ್ವು, ಹೇಳ್ಕೊಳ್ಳೋ ಹಂಗೆ ಓಡಲಿಲ್ಲ. 2010ರ ಮೊದಲಾಸಲದಲ್ಲಿ ಸ್ವಲ್ಪ ಉಸಿರು ಬಂತು.

ನನ್ನ ಪ್ರಕಾರ ಎಲ್ಲಾ ಬದಲಾಗಿದ್ದು 2011ರ ಕಿರಾತಕದಲ್ಲಿ. ತಮಿಳಿನ ಕಳವಾಣಿಯ ರೀಮೇಕೇ ಇರಬಹುದು, ಆದ್ರೆ ಆ ಮಂಡ್ಯ ಕಡೆ ಮಾತು, ಕೆಲಸ ಇಲ್ದೆ ಊರು ಸುತ್ತೋ ಹುಡುಗನ ಆ ನಡಿಗೆ, ಎದುರಿಗಿದ್ದವನಿಗೆ ಬಾಯಿ ಬಿಡೋಕೂ ಅವಕಾಶ ಕೊಡದಂಗೆ ಪಟಪಟ ಅಂತ ಮಾತಾಡೋದು, ಇವ್ನು ನಮ್ಮೂರೋನೇ ಅನ್ಸಿಬಿಡ್ತು ಜನಕ್ಕೆ. ಹಳ್ಳಿ ಕಡೆ, ಸಣ್ಣ ಟೌನ್‌ಗಳ ಥಿಯೇಟರ್‌ಗಳಲ್ಲಿ ಫ್ಯಾನ್ಸ್ ಹುಟ್ಕೊಂಡಿದ್ದು ಅಲ್ಲಿಂದ. ಆಮೇಲೆ ಯೋಗರಾಜ್ ಭಟ್ರ ಡ್ರಾಮಾ, 2013ರಲ್ಲಿ ಗೂಗ್ಲಿ, ಅದೇ ವರ್ಷ ರಾಜಾಹುಲಿ. ಗೂಗ್ಲಿ ಸಿಟಿ ಕಾಲೇಜ್ ಹುಡುಗರಿಗೆ, ರಾಜಾಹುಲಿ ಊರ ಕಡೆಯವರಿಗೆ, ಒಂದೇ ವರ್ಷದಲ್ಲಿ ಎರಡೂ ಕಡೆ ಗೆದ್ದಿದ್ದು ನಿಜವಾಗ್ಲೂ ದೊಡ್ಡ ವಿಷಯ. 2014ರ ಕೊನೇಲಿ ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ, ಅದ್ರಲ್ಲೂ ರಾಧಿಕಾನೇ ಜೋಡಿ, ಅಷ್ಟೊತ್ತಿಗೆ ಕರ್ನಾಟಕದಲ್ಲಿ ಅವ್ರು ಪಕ್ಕಾ ಸ್ಟಾರ್.

ಇನ್ನು ಲಕ್ ವಿಷಯ. 2016ರಲ್ಲಿ ಸಂತು ಸ್ಟ್ರೈಟ್ ಫಾರ್ವರ್ಡ್ ಆದ್ಮೇಲೆ ಎರಡು ವರ್ಷಕ್ಕೂ ಮೇಲೆ ಒಂದೂ ಪಿಕ್ಚರ್ ರಿಲೀಸ್ ಇಲ್ಲ, ಗಡ್ಡ ಬಿಟ್ಕೊಂಡು ಒಂದೇ ಸಿನಿಮಾಗೆ ಕೂತಿದ್ರು. ಡೈರೆಕ್ಟರ್ ಪ್ರಶಾಂತ್ ನೀಲ್ ಆಗ ಮಾಡಿದ್ದು ಉಗ್ರಂ ಒಂದೇ, ಕನ್ನಡ ಪಿಕ್ಚರ್‌ನ ಐದು ಭಾಷೆಲಿ ಬಿಡ್ತೀವಿ ಅಂದ್ರೆ ನಂಬೋರು ಎಷ್ಟು ಜನ ಇದ್ರು ಹೇಳಿ? ಕೈಯಲ್ಲಿ ಮಾರ್ಕೆಟ್ ಇರೋವಾಗ ಅದನ್ನ ಪಣಕ್ಕಿಡೋಕೆ ಧೈರ್ಯ ಬೇಕು. ಪ್ರಶಾಂತ್ ನೀಲ್, ಹೊಂಬಾಳೆಯಂಥ ಪ್ರೊಡಕ್ಷನ್ ಸಿಕ್ಕಿದ್ದು ಅದೃಷ್ಟ ಅಂತಲೇ ಇಟ್ಕೊಳ್ಳಿ, ಅಷ್ಟನ್ನ ಒಪ್ತೀನಿ. 2022ರಲ್ಲಿ ಚಾಪ್ಟರ್ 2 ಸಾವಿರ ಕೋಟಿ ದಾಟ್ತು, ಅದು ಎಲ್ರಿಗೂ ಗೊತ್ತು.

ನಿಮಗೆ ಟೈಮ್ ಇದ್ರೆ ಕಿರಾತಕ ನೋಡಿ, ಮುಗೀತಿದ್ದಂಗೆ ಕೆಜಿಎಫ್‌ನ ಕನ್ನಡದಲ್ಲೇ ನೋಡಿ, ಡಬ್ಬಿಂಗ್ ಬೇಡ. ಅಲ್ಲಿ ಬಾಯಿ ಮುಚ್ಚದೆ ಮಾತಾಡ್ತಿದ್ದ ಮನುಷ್ಯ ಇಲ್ಲಿ ನಾಲ್ಕೇ ಮಾತು, ಅದೂ ತಗ್ಗಿದ ದನಿಲಿ, ನಡುನಡುವೆ ನಿಲ್ಲಿಸಿ ನಿಲ್ಲಿಸಿ ಹೇಳ್ತಾರೆ. ಆ ಕಂಟ್ರೋಲ್ ಯಾವ ಲಕ್ಕೂ ತಂದ್ಕೊಡಲ್ಲ ರೀ.